ಸೋಮವಾರ ಬಿಚ್ಚಿರುತ್ತಿದ್ದ ಹಗ್ಗ

ನಾಯಿ ಕಡಿದ ಹಗ್ಗ ಯಾವುದು, ಮನುಷ್ಯ ಬಿಚ್ಚಿದ ಹಗ್ಗ ಯಾವುದು ಅಂತ ಗೊತ್ತಾಗದಷ್ಟು ದಡ್ಡ ನಾನಲ್ಲ. ನಾಯಿ ಕಡಿದಿದ್ದರೆ ತುದಿ ಎಳೆ ಎಳೆಯಾಗಿ, ಜೊಲ್ಲು ಹತ್ತಿ ಒದ್ದೆಯಾಗಿರುತ್ತದೆ. ಅವತ್ತು ಕಾಲುವೆಯಿಂದ ಮನೆಗೆ ಬಂದಾಗ ಬೇವಿನ ಗಿಡದ ಬುಡದಲ್ಲಿ ನಾಯಿ ಇರಲಿಲ್ಲ. ಹಗ್ಗ ಇತ್ತು. ಗಂಟು ನೀಟಾಗಿ ಬಿಚ್ಚಿ, ಸುರುಳಿ ಸುತ್ತಿ, ಕಾಂಪೌಂಡಿನ ಕಲ್ಲಿನ ಮೇಲೆ ಇಟ್ಟಿದ್ದರು. ನಾಯಿ ಬಿಡುವುದಲ್ಲದೆ ಹಗ್ಗ ಬೇರೆ ಸುತ್ತಿಟ್ಟು ಹೋಗಿದ್ದಾನೆ ಅಂದರೆ ಅವನ ಸೊಕ್ಕು ಎಷ್ಟಿರಬೇಕು!

ಆಗ ನಾನು ಶಹಾಪುರ ಮತ್ತು ಸುರಪುರದ ನಡುವೆ, ದೇವಾಪುರದ ಸಮೀಪದ ಒಂದು ವಿತರಣಾ ಕಾಲುವೆಯ ಮೇಲೆ ಗೇಟ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಯಾವ ತೂಬಿಗೆ ಯಾವ ದಿನ ನೀರಿನ ಪಾಳಿ, ಯಾವಾಗ ಷಟರ್ ಎತ್ತಬೇಕು, ಯಾವಾಗ ಇಳಿಸಬೇಕು, ಇಷ್ಟೇ ಕೆಲಸ. ಕೇಳುವುದಕ್ಕೆ ಸರಳ. ಆದರೆ ಷಟರ್ ಇಳಿಸಿ ಬೆನ್ನು ತಿರುಗಿಸಿದರೆ ಅದರ ಕೆಳಗೆ ಕಲ್ಲು ಸೇರಿರುತ್ತದೆ. ದಂಡೆಯ ಹುಲ್ಲಿನಲ್ಲಿ ಪೈಪು ಮಲಗಿರುತ್ತದೆ. "ಅದು ಎಮ್ಮಿ ತೊಳಿಯಾಕ್ರಿ ಸಾಹೇಬ್ರ" ಅನ್ನುತ್ತಾರೆ. ಎಮ್ಮೆ ಎಲ್ಲಿದೆ ಅಂದರೆ "ಹ್ವಾದ ವಾರ ಮಾರೀನ್ರಿ" ಅನ್ನುತ್ತಾರೆ. ಹೀಗಾಗಿ ಯಾರಾದರೂ ನಕ್ಕು ನಮಸ್ಕಾರ ಮಾಡಿದರೆ ನಾನು ಮುಖ ನೋಡುತ್ತಿರಲಿಲ್ಲ, ಕೈ ಒದ್ದೆಯಾಗಿದೆಯೋ ಒಣಗಿದೆಯೋ ನೋಡುತ್ತಿದ್ದೆ. ಅದು ಈಗಲೂ ಬಿಟ್ಟಿಲ್ಲ.

ನಾಯಿ ಸಿಕ್ಕಿದ್ದೂ ಕಾಲುವೆಯಿಂದಲೇ. ಕಾಲುವೆಯ ಇಳಿಜಾರಿಗೆ ಕಾಂಕ್ರೀಟ್ ಹೊದಿಸಲು ಎಲ್ಲಿಂದಲೋ ಬಂದಿದ್ದ ಕೂಲಿಯವರು ಕೆಲಸ ಮುಗಿಯುತ್ತಲೇ ಪಾತ್ರೆ ಪಡಗ ಕಟ್ಟಿಕೊಂಡು ಹೋದರು. ಅವರ ತಗಡಿನ ಶೆಡ್ಡಿನ ಕಡೆ ಹೋದವನು ಏನೋ ಕುಂಯ್‌ಗುಡುವುದು ಕೇಳಿ ಒಳಗೆ ನೋಡಿದೆ. ಕಂಬಕ್ಕೆ ಕಟ್ಟಿದ್ದ ಮರಿ. ನೀರಿಲ್ಲ, ಕೂಳಿಲ್ಲ. ಹಗ್ಗ ಕಂಬಕ್ಕೆ ಸುತ್ತಿ ಸುತ್ತಿ ಗೇಣುದ್ದ ಉಳಿದಿತ್ತು. ಬೇಟೆನಾಯಿಯ ಉದ್ದ ಕಾಲು, ಬೀದಿನಾಯಿಯ ಜೋಲು ಕಿವಿ, ಕಂದು ಬಣ್ಣ. ಬಿಚ್ಚಿದರೆ ನನ್ನ ಪ್ಯಾಂಟಿನ ಕಾಲಿಗೆ ಹಲ್ಲು ಹಾಕಿ ಹಿಡಿದದ್ದು ಮನೆ ಮುಟ್ಟುವವರೆಗೆ ಬಿಡಲಿಲ್ಲ. ಮೋತ್ಯಾ ಅಂತ ಹೆಸರಿಟ್ಟೆ.

ಬೆಳೆಯುತ್ತ ಬೆಳೆಯುತ್ತ ಅದರ ಜಡ್ಡು ಗೊತ್ತಾಯಿತು. ನಾನು ಕಣ್ಣಿಗೆ ಬೀಳುವಷ್ಟು ಹೊತ್ತು ದೇವರಂಥ ನಾಯಿ. ಚಪ್ಪಲಿ ಮೆಟ್ಟಿದೆ ಅಂದರೆ ನಡುಕ ಶುರು. ಬಾಗಿಲು ಹಾಕಿಕೊಂಡು ಹೋದರೆ ಊಳಿಟ್ಟು ಊಳಿಟ್ಟು ಗಂಟಲು ಕಟ್ಟುತ್ತಿತ್ತು. ಬಾಗಿಲಿನ ಕೆಳಗಿನ ಹಲಗೆಯನ್ನೇ ತಿಂದು ಹಾಕಿ ಬಾಯಿ ತುಂಬ ರಕ್ತ ಮಾಡಿಕೊಂಡಿತ್ತು. ಆ ಸಂದಿಯಲ್ಲಿ ನುಸುಳಿ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂತು. ನಾನು ಕಾಲುವೆಯ ಆಚೆ ದಂಡೆಯಲ್ಲಿ ಷಟರ್ ಇಳಿಸುತ್ತಿದ್ದೆ. ನನ್ನನ್ನು ನೋಡಿದ್ದೇ ತಡ, ನಡುವೆ ನೀರಿದೆ ಅನ್ನುವ ಖಬರೂ ಇಲ್ಲದೆ ಹಾರಿತು.

ಕಾಂಕ್ರೀಟ್ ಕಾಲುವೆಗೆ ಬಿದ್ದ ಪ್ರಾಣಿ ಮೇಲೆ ಹತ್ತುವುದಿಲ್ಲ. ಇಳಿಜಾರಿನ ತುಂಬ ಪಾಚಿ, ಉಗುರು ನಿಲ್ಲುವುದಿಲ್ಲ. ಕುರಿ, ಕರು, ನರಿ ಎಲ್ಲ ನೋಡಿದ್ದೇನೆ, ಕೆಳಗಿನ ಗೇಟಿಗೆ ಬಂದು ಸಿಕ್ಕಿಕೊಂಡ ಮೇಲೆ. ಮೋತ್ಯಾನ ಉಗುರು ಕಾಂಕ್ರೀಟಿನ ಮೇಲೆ ಕೆರೆಯುವ ಸದ್ದು ಕೇಳುತ್ತ ದಂಡೆಗುಂಟ ಓಡಿದೆ. ಇಳಿಯುವ ಮೆಟ್ಟಿಲು ಸಮೀಪದಲ್ಲೇ ಇದ್ದದ್ದು ಪುಣ್ಯ. ಕುತ್ತಿಗೆಯ ತೊಗಲು ಹಿಡಿದು ಎಳೆದು ಹಾಕಿದೆ. ಅದು ನೀರು ಕಾರುತ್ತಲೇ ಬಾಲ ಅಲ್ಲಾಡಿಸಿತು. ಇನ್ನೊಂದು ಸಲ ಹೀಗೆ ಬಂದರೆ ಇದು ಸತ್ತ ಹಾಗೆಯೇ ಅಂತ ಅವತ್ತೇ ತಿಳಿಯಿತು. ಕಾಲುವೆಯ ಕೆಲಸ ಬಿಡುವ ಹಾಗಿರಲಿಲ್ಲ. ನಾಯಿ ಒಂಟಿಯಾಗಿ ಇರುವುದನ್ನು ಕಲಿಯಲೇಬೇಕಿತ್ತು.

ಶಹಾಪುರದ ದನದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ಬಾಯಿ ನೋಡಿದರು, ಕಿವಿ ನೋಡಿದರು.

"ಇದಕ್ಕ ರೋಗ ಇಲ್ಲ. ಬಿಟ್ಟು ಹೋಗ್ತೀರಂತ ಅಂಜಿಕಿ ಅದ," ಅಂದರು.

"ಅಂಜಿಕಿಗೆ ಸೂಜಿ ಇಲ್ಲೇನ್ರಿ?"

"ನೀವು ಹೋಗೋದು, ತಿರುಗಿ ಬರೋದು, ಅದೇ ಸೂಜಿ. ಸಣ್ಣ ಸಣ್ಣ ಡೋಸ್ ಕೊಡ್ರಿ."

ಔಷಧಿ ಬರೆಯದ ಡಾಕ್ಟರ್ ಅಂದರೆ ನನಗೆ ಮೊದಲೇ ಸಂಶಯ. ಆದರೂ ಅವರು ಹೇಳಿದ ಹಾಗೆ ಮಾಡಿದೆ. ಚಪ್ಪಲಿ ಮೆಟ್ಟಿ ಎಲ್ಲೂ ಹೋಗದೆ ಕೂತು ಚಹಾ ಕುಡಿದೆ. ಕೀಲಿ ತೆಗೆದುಕೊಂಡು ಮತ್ತೆ ಮೊಳೆಗೆ ಹಾಕಿದೆ. ಸುಮ್ಮನೆ ಹೊರಗೆ ಹೋಗಿ ಒಳಗೆ ಬಂದೆ. ಹೋಗುವಾಗ ಮುದ್ದು ಮಾಡಬಾರದು, ಬಂದಾಗ ಮಾತಾಡಿಸಬಾರದು. ಇದು ನನಗೆ ಕಷ್ಟವಾಗಲಿಲ್ಲ, ಮನುಷ್ಯರ ಜತೆಯೂ ನಾನು ಹಾಗೇ. ಮೊದಲು ಒಂದು ಬೀಡಿ ಸೇದುವಷ್ಟು ಹೊತ್ತು, ಆಮೇಲೆ ಅನ್ನ ಬೇಯುವಷ್ಟು ಹೊತ್ತು, ಆಮೇಲೆ ದೇವಾಪುರಕ್ಕೆ ಸೈಕಲ್ ಮೇಲೆ ಹೋಗಿ ಬರುವಷ್ಟು ಹೊತ್ತು. ನನ್ನ ಬೆವರಿನ ಟವೆಲ್ ಹಾಸಿಕೊಟ್ಟೆ. ಬಾಗಿಲು ಹಾಕಿದರೆ ಹಲ್ಲು ಮುರಿದುಕೊಳ್ಳುತ್ತಿತ್ತು, ಅದಕ್ಕೆ ಬೇವಿನ ನೆರಳಿನಲ್ಲಿ ಉದ್ದ ಹಗ್ಗ ಹಾಕಿ ಕಟ್ಟುತ್ತಿದ್ದೆ.

ದಿನಾ ಬೆಳಿಗ್ಗೆ ಕಾಲುವೆಯ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದೆ. ಸಣ್ಣ ಸೇತುವೆಯ ಹತ್ತಿರ ಸುಣ್ಣ ಬಳಿದ ಒಂದು ಗುರುತಿನ ಕಲ್ಲು ಇದೆ. ಅಲ್ಲಿ ನಿಂತು "ಕುಂದ್ರು" ಅನ್ನುವುದು. ಅದು ಕೂತ ಮೇಲೆ ನಾನು ಸೇತುವೆ ದಾಟಿ ಆಚೆ ಹೋಗುವುದು, ತಿರುಗಿ ಬರುವುದು. "ಬಾ" ಅನ್ನುವ ತನಕ ಏಳಬಾರದು. ಎದ್ದರೆ ಬೈಯದೆ ಮತ್ತೆ ಕಲ್ಲಿನ ಬಳಿ ತಂದು ಕೂರಿಸುವುದು. ಮೊದಮೊದಲು ನಾನು ಹೆಜ್ಜೆ ಕಿತ್ತರೆ ಸಾಕು, ಬೆನ್ನಿಗೇ ಇರುತ್ತಿತ್ತು. ಬರುಬರುತ್ತ ಕುಂಡೆ ನೆಲಕ್ಕೆ ಹಚ್ಚಿಯೇ ನಡುಗುವಷ್ಟಾಯಿತು. ಕೊನೆಗೆ ನಡುಕವೂ ನಿಂತು, ಆಚೆ ದಂಡೆಯ ನನ್ನನ್ನು ಬರೀ ನೋಡುತ್ತ ಕೂಡುವಷ್ಟಾಯಿತು. ಗೆದ್ದೆ ಅಂದುಕೊಂಡೆ.

ಆದರೆ ಹಗ್ಗ ಹಾಕಿದ ಕೂಡಲೇ ಕಲಿತದ್ದೆಲ್ಲ ನೀರು ಪಾಲು. ಕಲ್ಲಿನ ಬಳಿ ಋಷಿಯ ಹಾಗೆ ಕೂಡುವ ನಾಯಿ ಬೇವಿನ ಗಿಡಕ್ಕೆ ಕಟ್ಟಿದರೆ ಊಳಿಡುತ್ತಿತ್ತು. ಯಾಕೆ ಅಂತ ತಲೆ ಕೆಡಿಸಿಕೊಳ್ಳುತ್ತಿರುವಾಗಲೇ ಮೊದಲ ಸಲ ಹಗ್ಗ ಬಿಚ್ಚಿದ್ದು.

ಅವತ್ತು ಓಡಿ ಹೋದರೆ ಮೋತ್ಯಾ ಆ ಸುಣ್ಣದ ಕಲ್ಲಿನ ಬಳಿ ಇತ್ತು, ನೀರಿನ ಅಂಚಿಗೆ. ಯಾರೋ ಬಿಚ್ಚಿ ಇಲ್ಲಿಯವರೆಗೆ ಎಳೆದು ತಂದಿದ್ದಾರೆ, ನಾನು ಬಂದದ್ದು ನೋಡಿ ಬಿಟ್ಟು ಓಡಿದ್ದಾರೆ, ಇಲ್ಲದಿದ್ದರೆ ನೂಕುತ್ತಿದ್ದರು ಅಂತ ಲೆಕ್ಕ ಹಾಕಿದೆ. ಮುಂದಿನ ವಾರ ಮತ್ತೆ ಅದೇ. ಸುರುಳಿ ಸುತ್ತಿದ ಹಗ್ಗ, ಕಲ್ಲಿನ ಬಳಿ ನಾಯಿ. ಅದರ ಮುಂದಿನ ವಾರವೂ. ಎಲ್ಲವೂ ಸೋಮವಾರ.

ಸೋಮವಾರ ಅಂದ ಕೂಡಲೇ ನನಗೆ ಕಳ್ಳ ಸಿಕ್ಕಿದ. ನನ್ನ ಮನೆಯ ಪಕ್ಕದ ಹೊಲದವನ ನೀರಿನ ಪಾಳಿ ಮುಗಿಯುವುದು ಸೋಮವಾರ ಮಧ್ಯಾಹ್ನ. ಅವನ ತೂಬು ಮುಚ್ಚುವವನೂ ನಾನೇ, ಸಂಜೆ ಮತ್ತೊಮ್ಮೆ ಹೋಗಿ ನೋಡುವವನೂ ನಾನೇ. ನಾನು ನಾಯಿ ಹುಡುಕುತ್ತ ತಿರುಗಿದರೆ ಅವನ ಗದ್ದೆಗೆ ಅಷ್ಟು ಹೊತ್ತು ನೀರು ಹೆಚ್ಚು. ಹಿಂದೊಮ್ಮೆ ಅವನ ಪೈಪು ಕಿತ್ತು ಹಾಕಿದ್ದೆ, ಆ ಸಿಟ್ಟೂ ಇತ್ತು. ಇನ್ನೇನು ಬೇಕು? ದಂಡೆಯ ಮೇಲೆ ಸಿಕ್ಕಾಗ ಸೀದಾ ಕೇಳಿದೆ.

"ನಾಯಿ ಯಾಕ ಬಿಚ್ಚತಿ?"

ಅವನು ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಯಾವ ನಾಯಿರಿ?"

"ಗೊತ್ತಿಲ್ಲದಂಗ ಮಾಡಬ್ಯಾಡ. ಪ್ರತಿ ಸೋಮವಾರ ನನ್ನ ನಾಯಿ ಕಾಲುವಿ ದಂಡಿಗಿ ಬರ್ತದ. ನಿನ್ನ ಪಾಳಿನೂ ಸೋಮವಾರನ ಮುಗೀತದ."

"ಅಯ್ಯ ಸಾಹೇಬ್ರ, ನಾಯಿ ಬಿಚ್ಚಿ ನೀರು ಹರಿಸ್ಕೊಳ್ಳೋ ದರಿದ್ರ ನನಗ ಬಂದಿಲ್ರಿ. ಹರಿಸ್ಕೋಬೇಕಂದ್ರ ಷಟರಿನ ಬುಡಕ ಒಂದು ಕಲ್ಲಿಟ್ರ ಸಾಕಲ್ರಿ?" ಅಂದು ನಕ್ಕ.

ಆ ನಗು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಒಪ್ಪಿಕೊಳ್ಳುವುದನ್ನೂ ಹೀಗೆ ತಮಾಷೆ ಮಾಡಿ ಒಪ್ಪಿಕೊಳ್ಳುವವರನ್ನು ಬಹಳ ನೋಡಿದ್ದೆ. ಗಂಟು ಬದಲಿಸಿದೆ. ನಾನೇ ಬಿಚ್ಚಲು ಪರದಾಡುವಂಥ ಗಂಟು. ಸೋಮವಾರ ಅದೂ ಬಿಚ್ಚಿತ್ತು. ಸರಪಳಿ ತಂದೆ. ಅದನ್ನು ಕಂಡರೆ ಮೋತ್ಯಾ ಮಂಚದ ಕೆಳಗೆ ಸೇರಿ ಉಚ್ಚೆ ಹೊಯ್ದುಕೊಂಡಿತು, ಮನಸ್ಸಾಗದೆ ಬಿಟ್ಟೆ. ಈ ನಡುವೆ ದನದ ಡಾಕ್ಟರರ ಮೇಲೂ ಗುಮಾನಿ ಬಂತು, ಅವರೂ ಆ ಹೊಲದವನೂ ಒಂದೇ ಊರಿನ ಕಡೆಯವರಂತೆ. ಒಂದು ಸೋಮವಾರ ಇದು ಕಲ್ಲಿನ ಬಳಿ ನಿಲ್ಲದೆ ನೀರಿಗೆ ಹಾರುತ್ತದೆ, ನಾನು ಕೆಳಗಿನ ಗೇಟಿನಲ್ಲಿ ಇದರ ಹೆಣ ತೆಗೆಯುತ್ತೇನೆ ಅನ್ನುವುದೊಂದೇ ತಲೆಯಲ್ಲಿ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಕೊನೆಗೆ ಮುಂದಿನ ಸೋಮವಾರ ಕೆಲಸಕ್ಕೆ ಹೋಗಬಾರದು, ಬಿಚ್ಚುವ ಕೈಯನ್ನೇ ಹಿಡಿಯಬೇಕು ಅಂತ ನಿರ್ಧರಿಸಿದೆ. ಮೇಲಿನ ಗೇಟಿನವನಿಗೆ ನನ್ನ ತೂಬುಗಳನ್ನು ನೋಡಿಕೊಳ್ಳಲು ಹೇಳಿದೆ. ಯಾಕೆ ಅಂತ ಹೇಳಲಿಲ್ಲ, ಅವನ ಬಾಯಿಯ ಮೇಲೂ ನನಗೆ ಭರವಸೆ ಇರಲಿಲ್ಲ. ಬೆಳಿಗ್ಗೆ ಎಂದಿನಂತೆ ನಾಯಿ ಕಟ್ಟಿದೆ, ಎಂದಿನಂತೆ ಸೈಕಲ್ ಹತ್ತಿದೆ. ತಿರುವು ದಾಟಿದ ಮೇಲೆ ಸೈಕಲ್ ಜಾಲಿಯಲ್ಲಿ ಮುಚ್ಚಿಟ್ಟು, ಸುತ್ತು ಹಾಕಿ ಬಂದು, ಗಾಳಿ ನನ್ನ ಕಡೆ ಬೀಸುವ ಹಾಗೆ ನೋಡಿಕೊಂಡು, ಹತ್ತಿ ಹೊಲದ ಸಾಲಿನಲ್ಲಿ ಬೋರಲು ಮಲಗಿದೆ. ಅಲ್ಲಿಂದ ಬೇವಿನ ಗಿಡವೂ ಕಾಣುತ್ತಿತ್ತು, ಸುಣ್ಣದ ಕಲ್ಲೂ ಕಾಣುತ್ತಿತ್ತು. ಮೋತ್ಯಾ ಊಳಿಡುತ್ತಿತ್ತು. ಅದನ್ನು ನಾನು ಮೊದಲ ಸಲ ಪೂರ್ತಿ ಕೇಳಿದ್ದು ಅವತ್ತೇ. ಎದ್ದು ಹೋಗಬೇಕು ಅನ್ನಿಸಿ ಹಲ್ಲು ಕಚ್ಚಿ ಮಲಗಿದೆ.

ಬಿಸಿಲು ಏರಿದ ಮೇಲೆ ಬಂದದ್ದು ಆ ಹೊಲದವನಲ್ಲ. ಅವನ ತಾಯಿ.

ಮುದುಕಿಯ ಕೈಯಲ್ಲಿ ವಿಭೂತಿ ಗಟ್ಟಿ, ಸೆರಗಿನಲ್ಲಿ ಒಂದು ರೊಟ್ಟಿ. ಆಕೆ ತಮ್ಮ ಕೊಟ್ಟಿಗೆಯ ಜೋಡೆತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅಲ್ಲಿಂದ ನೇರ ನನ್ನ ಅಂಗಳಕ್ಕೆ ಬಂದಿದ್ದಳು. ಮೋತ್ಯಾನ ಹಣೆಗೂ ವಿಭೂತಿ ಎಳೆದಳು. ಗಂಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾನು ಜಂಬದಿಂದ ಹಾಕಿದ್ದ ಗಂಟನ್ನು ಮಾತಾಡುತ್ತ ಮಾತಾಡುತ್ತ ಬಿಚ್ಚಿದಳು. ಜೀವಮಾನವೆಲ್ಲ ಎತ್ತಿನ ಹಗ್ಗ ಬಿಚ್ಚಿದ ಕೈ. ಹಗ್ಗ ಸುತ್ತಿ ಕಾಂಪೌಂಡಿನ ಕಲ್ಲಿನ ಮೇಲಿಟ್ಟಳು.

ಹಗ್ಗ ಹೋದ ಕೂಡಲೇ ಊಳು ನಿಂತಿತು. ಮೋತ್ಯಾ ಮೈಯೆಲ್ಲ ಕೊಡವಿತು, ರೊಟ್ಟಿ ತಿಂದಿತು, ಕಾಲುವೆಯ ಕಡೆ ಓಡಿತು.

ಎದ್ದು ಕೂಗಬೇಕೆಂದು ಮೊಣಕಾಲೂರಿದೆ. ಅಷ್ಟರಲ್ಲಿ ಅದು ಸುಣ್ಣದ ಕಲ್ಲಿನ ಬಳಿ ಹೋಗಿ, ಒಂದು ಸುತ್ತು ತಿರುಗಿ, ತಾನೇ ಕೂತಿತು. ಯಾರೂ ಕುಂದ್ರು ಅನ್ನಲಿಲ್ಲ. ನಾನು ಸೈಕಲ್ ಮೇಲೆ ಹೋದ ದಾರಿಯ ಕಡೆ ಮುಖ ಮಾಡಿ ಕೂತಿತು. ನೀರಿನ ಕಡೆ ನೋಡಲೂ ಇಲ್ಲ. ಯಾರೂ ಎಳೆದು ತಂದಿರಲಿಲ್ಲ, ಯಾರೂ ನೂಕುತ್ತಿರಲಿಲ್ಲ. ಪ್ರತಿ ಸೋಮವಾರ ಅದು ನಾನು ಕಲಿಸಿದ ಪಾಠ ಒಪ್ಪಿಸುತ್ತ ಕೂತಿತ್ತು, ನಾನು ಅದನ್ನು ಹಿಡಿದು ತಂದು ಮತ್ತೆ ಕಟ್ಟುತ್ತಿದ್ದೆ.

ಆಗ ಎದ್ದರೆ ಎಲ್ಲ ಕೆಡುತ್ತಿತ್ತು. ಬಿಟ್ಟು ಹೋದವನು ಹತ್ತಿಯಲ್ಲಿ ಅಡಗಿರುತ್ತಾನೆ ಅಂತ ಗೊತ್ತಾದರೆ ಆ ನಾಯಿ ಇನ್ನೆಂದೂ ನನ್ನನ್ನು ನಂಬುತ್ತಿರಲಿಲ್ಲ. ಹಾಗಾಗಿ ಇರುವೆ ಕಚ್ಚಿಸಿಕೊಳ್ಳುತ್ತ ಅಲ್ಲೇ ಬಿದ್ದಿದ್ದೆ. ಎಷ್ಟೋ ಹೊತ್ತಿನ ಮೇಲೆ ಪುಂಡಿಪಲ್ಲೆ ಕೀಳುತ್ತ ಬಂದ ಮುದುಕಿ ನನ್ನ ಕಾಲು ಎಡವಿದಳು.

"ಯವ್ವ! ಯಾರದು? ತಮ್ಮಾ, ನೀನೇನು? ಹಾವು ಗೀವು ಮುಟ್ಟೇತೇನೋ?"

"ಮೆಲ್ಲಕ ಮಾತಾಡು ಯವ್ವಾ, ನಾಯಿಗಿ ಕೇಳ್ತದ."

ಆಕೆ ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು, ಪಲ್ಲೆ ಮಡಿಲಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತಳು.

"ನಿನ್ನ ಮಗ ಕಳಿಸಿದ್ನೇನು?" ಅಂದೆ. ಅಲ್ಲಿಯೂ ನನ್ನ ಬುದ್ಧಿ ಬಿಡಲಿಲ್ಲ.

"ಅವ ಒಂದಿನರ ನನ್ನ ಮಾತು ಕೇಳ್ಯಾನೇನು, ನಾ ಅವನ ಮಾತು ಕೇಳಾಕ? ಯಾಕ, ಏನಾತು?"

"ಮತ್ತ ನಾಯಿ ಯಾಕ ಬಿಚ್ಚಿದಿ?"

"ಇವತ್ತ ಸ್ವಾಮಾರ ಅಲ್ಲೇನೋ," ಅಂದಳು, ಇದನ್ನೂ ಹೇಳಬೇಕೇ ಅನ್ನುವ ಹಾಗೆ. "ಸ್ವಾಮಾರ ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ಲ. ಬಸವಣ್ಣನ ದಿನ. ದುಡಿಯೋ ಜೀವಕ್ಕ ಒಂದಿನ ಬಿಡುವು ಬ್ಯಾಡೇನು?"

"ಎತ್ತು ದುಡಿತಾವ, ಖರೇ. ನಾಯಿ ಏನು ದುಡಿತದ ಯವ್ವಾ?"

ಮುದುಕಿ ನನ್ನ ಕಡೆ ತಿರುಗಿ ನೋಡಿದಳು. "ದಿನಾ ಮುಂಜಾನಿಂದ ಸಂಜಿತನಕ ನಿನ್ನ ದಾರಿ ಕಾಯ್ತೈತಲ್ಲೋ ತಮ್ಮಾ. ಅದೇನು ಕಮ್ಮಿ ದುಡಿತವೇನು? ನಾ ಕೇಳಾಕತ್ತೇನಲ್ಲ ಅದರ ಗ್ವಾಳು. ಸ್ವಾಮಾರ ಒಂದಿನರ ಬಿಡಿಸೋಣಂತ ಬಿಚ್ಚಿದ್ರ, ಅದಕ್ಕ ತಿಳಿವಲ್ದು. ಅಲ್ಲಿ ಹೋಗಿ ಮತ್ತ ಅದೇ ದುಡಿಮಿ ಹಿಡೀತೈತಿ, ನೋಡು."

ಮುದುಕಿ ಪಲ್ಲೆಯ ದಂಟು ಮುರಿಯುತ್ತ ಕೂತಳು. ತಗಡಿನ ಶೆಡ್ಡಿನ ಕಂಬಕ್ಕೆ ಸುತ್ತಿಕೊಂಡಿದ್ದ ಆ ಗೇಣುದ್ದದ ಹಗ್ಗ ನೆನಪಾಯಿತು. ಅದಕ್ಕೆ ಹಗ್ಗ ಹಾಕಿದವರು ತಿರುಗಿ ಬಂದಿರಲಿಲ್ಲ. ನಾನು ದಿನಾ ಬೆಳಿಗ್ಗೆ ಅದೇ ಹಗ್ಗ ಹಾಕಿ, ಬರುತ್ತೇನೆ, ಅಂಜಬೇಡ ಅಂತ ಕಲಿಸುತ್ತಿದ್ದೆ. ಅಲ್ಲಿಯೇ ಮಲಗಿಕೊಂಡು ಅಳು ಬಂತು. ಮುದುಕಿ ನೋಡಿಯೂ ನೋಡದ ಹಾಗೆ ಇದ್ದಳು. ದಿನಾ ಬರುವ ಹೊತ್ತಾದ ಮೇಲೆ ತೆವಳಿಕೊಂಡು ಹೋಗಿ, ಸೈಕಲ್ ತೆಗೆದು, ದಾರಿಯಲ್ಲಿ ಬರುವವನ ಹಾಗೆ ಬಂದು "ಬಾ" ಅಂದೆ.

ಅವತ್ತು ಮೇಲಿನ ಗೇಟಿನವನು ನನ್ನ ತೂಬುಗಳ ಕಡೆ ತಲೆಯನ್ನೂ ಹಾಕಿರಲಿಲ್ಲ. ಮುದುಕಿಯ ಮಗ ಸಂಜೆಯವರೆಗೆ ಗದ್ದೆ ತುಂಬ ನೀರು ಕುಡಿಸಿಕೊಂಡಿದ್ದ. ನಾಯಿಯ ವಿಷಯದಲ್ಲಿ ಅವನು ನಿರಪರಾಧಿ, ನೀರಿನ ವಿಷಯದಲ್ಲಿ ನನ್ನ ಅಂದಾಜು ಎಂದೂ ತಪ್ಪಿಲ್ಲ.

ಹಗ್ಗ ಒಯ್ದು ಒಲೆಗೆ ಹಾಕಿದೆ. ಕಲಿಸುವುದನ್ನು ಮೊದಲಿನಿಂದ ಶುರು ಮಾಡಿದೆ. ಬಾಗಿಲು ತೆರೆದಿಟ್ಟು, ಟವೆಲ್ಲಿನ ಮೇಲೆ "ಕುಂದ್ರು" ಅಂದು, ಬೀಡಿಯಷ್ಟು ಹೊತ್ತು, ಅನ್ನದಷ್ಟು ಹೊತ್ತು. ಒಂದೆರಡು ಸಲ ಹಿಂದೆ ಬಂತು. ಬಂದಾಗಲೆಲ್ಲ ಕಲ್ಲಿನ ಬಳಿಯೇ ನಿಂತಿತು, ಅಲ್ಲಿಂದ ತಿರುಗಿಸಿ ಕರೆತಂದೆ. ಊಳಿಡುವುದು ನಿಂತಿತು. ಸೋಮವಾರ ಮಾತ್ರ ಮುದುಕಿಯ ಸುಪರ್ದಿಗೆ ಬಿಟ್ಟೆ. ಆಕೆ ಕರೆದುಕೊಂಡು ಹೋಗಿ ಎತ್ತಿನ ಕೊಟ್ಟಿಗೆಯಲ್ಲಿ ಬಿಡುತ್ತಿದ್ದಳು. ಸ್ವಲ್ಪ ಹೊತ್ತು ಎತ್ತುಗಳ ಜತೆ ಇದ್ದು ಅದು ಕಲ್ಲಿನ ಬಳಿ ಹೋಗುತ್ತಿತ್ತು. ಸಂಜೆ ನಾನು ತಿರುವು ದಾಟಿದರೆ ಬಿಳಿ ಕಲ್ಲಿನ ಪಕ್ಕ ಕಂದು ಕಿವಿ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆಯೇ ನಾನು ಪೆಡಲ್ ಜೋರಾಗಿ ತುಳಿಯುತ್ತಿದ್ದೆ.

ಒಂದು ಸೋಮವಾರ ತಿರುವು ದಾಟಿದರೆ ಕಲ್ಲಿನ ಬಳಿ ಏನೂ ಇರಲಿಲ್ಲ.

ಸೈಕಲ್ ಅಲ್ಲೇ ಒಗೆದೆ. ಇಳಿಜಾರು ನೋಡಿದೆ, ಪಾಚಿಯ ಮೇಲೆ ಉಗುರಿನ ಗೆರೆ ಹುಡುಕಿದೆ. ಹೆಸರು ಹಿಡಿದು ಕೂಗುತ್ತ ದಂಡೆಗುಂಟ ಕೆಳಗಿನ ಗೇಟಿಗೆ ಓಡಿದೆ. ದಾರಿಯಲ್ಲಿ ಮುದುಕಿಯ ಮಗನ ತೂಬಿನ ಷಟರಿನ ಕೆಳಗೆ ಕಲ್ಲು ಕೂತದ್ದು ಕಂಡಿತು. ಕಂಡರೂ ನಿಲ್ಲಲಿಲ್ಲ. ಗೇಟಿನ ಮುಂದೆ ಕಸದ ಜತೆ ಕಂದು ಬಣ್ಣದ್ದೇನೋ ತೇಲುತ್ತಿತ್ತು. ಬಿದಿರುಗೋಲಿನಿಂದ ಎಳೆದು ನೋಡಿದರೆ ಗೊಬ್ಬರದ ಹಳೆ ಗೋಣಿಚೀಲ.

ಬಿಟ್ಟವಳು ಮುದುಕಿ, ಕೇಳುವುದೂ ಆಕೆಯನ್ನೇ ಅಂದುಕೊಂಡು ಅವರ ಕೊಟ್ಟಿಗೆಗೆ ನುಗ್ಗಿದೆ. ಬಾಯಿಗೆ ಬಂದದ್ದು ಬೈಯಲು ಉಸಿರು ಎಳೆದುಕೊಂಡಿದ್ದೆ.

ತೊಳೆದ ಎತ್ತುಗಳೆರಡೂ ಮೆಲುಕು ಹಾಕುತ್ತ ಮಲಗಿದ್ದವು. ಎರಡರ ನಡುವೆ, ಒಂದರ ಹೊಟ್ಟೆಗೆ ಬೆನ್ನು ಹಚ್ಚಿ, ನಾಲ್ಕೂ ಕಾಲು ಚೆಲ್ಲಿ ಮೋತ್ಯಾ ಮಲಗಿತ್ತು. ಹಣೆಯ ವಿಭೂತಿ ಅರ್ಧ ಅಳಿಸಿತ್ತು. ನನ್ನ ಹೆಜ್ಜೆಯ ಸದ್ದಿಗೆ ಒಂದು ಕಣ್ಣು ತೆರೆಯಿತು. ನಾನೇ ಅಂತ ನೋಡಿತು. ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಮತ್ತೆ ಕಣ್ಣು ಮುಚ್ಚಿತು.

ಇಷ್ಟು ದಿನ ಒದ್ದಾಡಿದ್ದು ಇದಕ್ಕೇ. ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಹೆಸರು ಹಿಡಿದು ಕರೆಯಬೇಕು, ಎದ್ದು ಓಡಿ ಬರುವುದನ್ನು ಒಮ್ಮೆ ನೋಡಬೇಕು ಅನ್ನಿಸಿ ಬಾಯಿ ತೆರೆದೆ.

ಹಿಂಡಿ ಕಲೆಸುತ್ತಿದ್ದ ಮುದುಕಿ ಕೈಯೆತ್ತಿ ತಡೆದಳು.

"ಎಬ್ಬಸಬ್ಯಾಡೋ ತಮ್ಮಾ," ಅಂದಳು. "ಇವತ್ತ ಸ್ವಾಮಾರ."